ಮೂಟೆ ಹೊರುವವರು ಯಾರು?

ದಾವಣಗೆರೆಯಲ್ಲಿ ನಮ್ಮ ದೊಡ್ಡಪ್ಪನ ಮಂಡಿಯಿತ್ತು. ಲಾರಿ ಬಂದು ನಿಂತರೆ ಮೂಟೆ ಇಳಿಸುವುದು ಹಮಾಲರ ಕೆಲಸ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಖಾತೆ ಬರೆಯುವುದು ದೊಡ್ಡಪ್ಪನ ಕೆಲಸ. ಎರಡೋ ಮೂರೋ ಮೂಟೆ ಬಂದ ದಿನ ಮಾತ್ರ ಅವರೇ ಪಂಚೆ ಎತ್ತಿ ಕಟ್ಟಿ ಹೆಗಲು ಕೊಡುತ್ತಿದ್ದರು. ಯಾಕೆ ಎಂದು ಕೇಳಿದರೆ, "ಹಮಾಲನ್ನ ಕೂಗಿ ಕರೆಯೋಷ್ಟರಲ್ಲಿ ಇಳಿಸಿ ಮುಗಿದಿರುತ್ತೆ ಕಣೋ" ಎನ್ನುತ್ತಿದ್ದರು. ಕಂಪ್ಯೂಟರಿನ ಚರಿತ್ರೆಯಲ್ಲಿ ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿರುವ ಒಂದು ಜಗಳ ಹೆಚ್ಚುಕಮ್ಮಿ ಇದೇ ಮಾತಿನ ಸುತ್ತ ಸುತ್ತುತ್ತಿದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಒಂದು ತಪ್ಪು ಮಾಡಿದ ಮೇಲೆ.

ಜಗಳ ಇಷ್ಟೇ. ಹಾರ್ಡ್ ಡಿಸ್ಕಿನಲ್ಲಿರುವ ಮಾಹಿತಿಯನ್ನು ಮೆಮೊರಿಗೆ ತಂದು ಹಾಕಬೇಕು. ಹೊತ್ತು ತರುವವರು ಯಾರು? ಯಜಮಾನನಾದ ಪ್ರೊಸೆಸರೋ, ಕೂಲಿಯಾಳಾದ ಕಂಟ್ರೋಲರೋ? ಅಂಗಡಿಯವರು ಡಿಸ್ಕ್ ಮಾರುವಾಗ ಹೇಳುವುದು ಒಂದೇ ಅಂಕಿ, ಸೆಕೆಂಡಿಗೆ ಎಷ್ಟು ಮೆಗಾಬೈಟ್ ಎಂದು. ಅಷ್ಟನ್ನು ತರಲು ಪ್ರೊಸೆಸರ್ ತನ್ನ ಸಮಯದಲ್ಲಿ ಎಷ್ಟು ಪಾಲು ತೆತ್ತಿತು ಎಂಬ ಎರಡನೆಯ ಅಂಕಿ ಡಬ್ಬಿಯ ಮೇಲೆ ಅಚ್ಚಾಗುವುದಿಲ್ಲ.

ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದ ಜೊತೆ. 24 ಇಂಚು ಅಗಲದ 50 ತಟ್ಟೆಗಳು, ಒಟ್ಟು 50 ಲಕ್ಷ ಅಕ್ಷರ. ಓದುವ ತೋಳು ತಟ್ಟೆಗಳ ರಾಶಿಯ ಪಕ್ಕದಲ್ಲಿ ಮೇಲೆ ಕೆಳಗೆ ಓಡಾಡಿ ಬೇಕಾದ ಜಾಗ ತಲುಪಲು ಸರಾಸರಿ 600 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಆದರೆ ನಮ್ಮ ಜಗಳದ ಮೂಲ ಡಿಸ್ಕಿನಲ್ಲಿಲ್ಲ, ಟೇಪು ಮತ್ತು ಡ್ರಮ್ಮಿನಲ್ಲಿದೆ. ಅದೇ ಕಾಲದ ಐಬಿಎಂ 704ರಲ್ಲಿ ಟೇಪಿನಿಂದ ಬರುವ ಒಂದೊಂದು ಪದಕ್ಕೂ ಪ್ರೋಗ್ರಾಮೇ ಒಂದು ನಕಲು ಆದೇಶ ಕೊಡಬೇಕಿತ್ತು, ಅದೂ ಸರಿಯಾದ ಸಮಯಕ್ಕೆ. ಗಂಟೆಗಿಷ್ಟು ಎಂದು ಬಾಡಿಗೆ ಲೆಕ್ಕ ಹಾಕುತ್ತಿದ್ದ ಯಂತ್ರ ಹೀಗೆ ಬಾಗಿಲಲ್ಲಿ ನಿಂತು ಮೂಟೆ ಎಣಿಸುವುದು ಯಾರಿಗೂ ಸಹಿಸಲಿಲ್ಲ. 1957ರಲ್ಲಿ ಪ್ರಕಟವಾದ 709ರಲ್ಲಿ ಐಬಿಎಂ 'ಚಾನೆಲ್' ಎಂಬ ಪ್ರತ್ಯೇಕ ಘಟಕ ತಂದಿತು. ಇಂಥ ಟೇಪಿನಿಂದ ಇಷ್ಟು ಪದ ತೆಗೆದು ಮೆಮೊರಿಯ ಇಂಥ ಜಾಗದಲ್ಲಿ ಇಡು ಎಂದು ಚೀಟಿ ಬರೆದುಕೊಟ್ಟರೆ ಸಾಕು, ಪ್ರೊಸೆಸರ್ ತನ್ನ ಲೆಕ್ಕಕ್ಕೆ ವಾಪಸ್.

1964ರ ಸಿಸ್ಟಮ್/360 ಈ ಚೀಟಿಯನ್ನೇ ಒಂದು ಸಣ್ಣ ಭಾಷೆಯಾಗಿ ಬೆಳೆಸಿತು. ಚಾನೆಲ್ಲಿಗೆ ತನ್ನದೇ ಪ್ರೋಗ್ರಾಮು, ತನ್ನದೇ ಆದೇಶಗಳು. 'ಈ ಹೆಸರಿನ ದಾಖಲೆ ಎಲ್ಲಿದೆ, ಹುಡುಕಿ ತಾ' ಎಂದು ಡಿಸ್ಕಿಗೇ ಹೇಳಿಬಿಡಬಹುದಿತ್ತು. ಮೆಮೊರಿ ದುಬಾರಿಯಾಗಿದ್ದರಿಂದ ಸೂಚಿಯನ್ನು ಡಿಸ್ಕಿನಲ್ಲೇ ಇಟ್ಟು ಅಲ್ಲೇ ಹುಡುಕಿಸುವುದು ಆಗ ಜಾಣತನವೇ. ಆದರೆ ಹೀಗೆ ಹುಡುಕುವಷ್ಟು ಹೊತ್ತೂ ಆ ಚಾನೆಲ್, ಆ ಕಂಟ್ರೋಲರ್, ಆ ಡಿಸ್ಕ್ ಮೂರೂ ಕಟ್ಟಿಬಿದ್ದಿರುತ್ತಿದ್ದವು. ಅದೇ ದಾರಿಯಲ್ಲಿ ಹೋಗಬೇಕಾದ ಬೇರೆ ಕೆಲಸಗಳೆಲ್ಲ ಸಾಲುಗಟ್ಟಿ ನಿಲ್ಲಬೇಕು. ಮುಂದೆ ಮೆಮೊರಿ ಅಗ್ಗವಾದಾಗ ಈ ವ್ಯವಸ್ಥೆ ಶಾಪವಾಯಿತು. ಪ್ರೊಸೆಸರ್ ಮಾತ್ರ ಆರಾಮಾಗಿತ್ತು. ಪ್ರೊಸೆಸರಿನ ಹೊರೆ ಇಳಿಸಿದ ಮಾತ್ರಕ್ಕೆ ಒಟ್ಟು ಕೆಲಸ ಬೇಗ ಆಗುತ್ತದೆ ಎಂಬ ನಂಬಿಕೆ ಎಡವಿದ ಮೊದಲ ದೊಡ್ಡ ಉದಾಹರಣೆ ಇದು ಎಂದು ನನ್ನ ಅಭಿಪ್ರಾಯ.

1968ರಲ್ಲಿ ಮೈಯರ್ ಮತ್ತು ಇವಾನ್ ಸದರ್ಲ್ಯಾಂಡ್ ಒಂದು ಲೇಖನ ಬರೆದರು. ಅದು ಡಿಸ್ಕಿನದಲ್ಲ, ಪರದೆಗೆ ಚಿತ್ರ ಬಿಡಿಸುವ ಯಂತ್ರಾಂಶದ ಕುರಿತದ್ದು. ಮುಖ್ಯ ಪ್ರೊಸೆಸರಿನ ಕೆಲಸ ಕಿತ್ತು ಪಕ್ಕದ ಸಣ್ಣ ಘಟಕಕ್ಕೆ ಕೊಡುತ್ತೇವೆ, ಅದಕ್ಕೆ ಒಂದೊಂದೇ ಸಾಮರ್ಥ್ಯ ಸೇರಿಸುತ್ತೇವೆ, ಕೊನೆಗೆ ಅದೇ ಒಂದು ಪೂರ್ತಿ ಪ್ರೊಸೆಸರ್ ಆಗಿಬಿಡುತ್ತದೆ, ಆಗ ಅದರ ಹೊರೆ ಇಳಿಸಲು ಮತ್ತೊಂದು ಘಟಕ ಬೇಕಾಗುತ್ತದೆ. ಇದಕ್ಕೆ ಅವರು ಪುನರ್ಜನ್ಮದ ಚಕ್ರ ಎಂದು ಹೆಸರಿಟ್ಟರು. 'ಪುನರಪಿ ಜನನಂ' ಕೇಳಿ ಬೆಳೆದ ನಮಗೆ ಆ ಹೆಸರು ವಿಚಿತ್ರ ಅನ್ನಿಸುವುದಿಲ್ಲ.

ಚಕ್ರ ತಿರುಗಿತು. 1973ರಲ್ಲಿ ಝೆರಾಕ್ಸ್‌ನ ಆಲ್ಟೋ ಯಂತ್ರದಲ್ಲಿ ಒಂದೇ ಪ್ರೊಸೆಸರು ತನ್ನ ಮೈಕ್ರೋಕೋಡಿನೊಳಗೆ ಹದಿನಾರು ಪಾತ್ರ ಹಂಚಿಕೊಂಡು ಡಿಸ್ಕನ್ನೂ ಪರದೆಯನ್ನೂ ತಾನೇ ನೋಡಿಕೊಳ್ಳುತ್ತಿತ್ತು. 1978ರಲ್ಲಿ ಸ್ಟೀವ್ ವೋಝ್ನಿಯಾಕ್ ಆಪಲ್ ಟೂ ಯಂತ್ರದ ಫ್ಲಾಪಿಗೆ ಕೆಲವೇ ಚಿಪ್ಪುಗಳ ಕಂಟ್ರೋಲರ್ ಮಾಡಿ, ಉಳಿದದ್ದನ್ನೆಲ್ಲ ಪ್ರೊಸೆಸರಿನ ತಲೆಗೆ ಕಟ್ಟಿದರು. ಫ್ಲಾಪಿ ಓದುವಾಗ ಸುಮಾರು 32 ಮೈಕ್ರೋಸೆಕೆಂಡಿಗೆ ಒಂದು ಬೈಟ್ ಬರುತ್ತದೆ, ಪ್ರೊಸೆಸರ್ ಅದನ್ನು ಬಿಟ್ಟು ಇನ್ನೇನನ್ನೂ ಮಾಡುವಂತಿಲ್ಲ. ಯಾರೂ ದೂರಲಿಲ್ಲ. ಅಗ್ಗವಾಗಿತ್ತು, ಕೆಲಸ ಮಾಡುತ್ತಿತ್ತು.

ನನಗೆ ಅತ್ಯಂತ ಇಷ್ಟವಾದ ಅಧ್ಯಾಯ ಐಬಿಎಂ ಪಿಸಿಯದ್ದು. 1983ರ ಮಾರ್ಚಿನಲ್ಲಿ ಪಿಸಿ ಎಕ್ಸ್‌ಟಿ ಬಂತು, 10 ಮೆಗಾಬೈಟ್ ಹಾರ್ಡ್ ಡಿಸ್ಕಿನೊಂದಿಗೆ. ಒಳಗೆ 4.77 ಮೆಗಾಹರ್ಟ್ಸ್‌ನ ಇಂಟೆಲ್ 8088. ಡಿಸ್ಕ್ ಕಂಟ್ರೋಲರ್ ಒಂದು ಪ್ರತ್ಯೇಕ ಕಾರ್ಡು; ಅದು ಡಿಎಂಎ ಎಂಬ ಚಿಪ್ಪಿನ ಸಹಾಯದಿಂದ, ಪ್ರೊಸೆಸರನ್ನು ಕೇಳದೆ, ನೇರವಾಗಿ ಮೆಮೊರಿಗೆ ಮಾಹಿತಿ ಸುರಿಯುತ್ತಿತ್ತು. ಅಂದರೆ ಹಮಾಲ ಇದ್ದ. ಒಂದೂವರೆ ವರ್ಷ ಕಳೆದು, 1984ರ ಆಗಸ್ಟಿನಲ್ಲಿ ಪಿಸಿ ಎಟಿ ಬಂದಾಗ ಐಬಿಎಂ ಹಾರ್ಡ್ ಡಿಸ್ಕಿನ ಮಟ್ಟಿಗೆ ಹಮಾಲನನ್ನು ಬಿಡಿಸಿಬಿಟ್ಟಿತು! ಹೊಸ 80286 ಪ್ರೊಸೆಸರಿನಲ್ಲಿ ಒಂದೇ ಆದೇಶದಿಂದ ಸಾಲಾಗಿ ಪದಗಳನ್ನು ಒಳಕ್ಕೆ ಎಳೆದುಕೊಳ್ಳುವ ಅನುಕೂಲವಿತ್ತು. ಪ್ರೊಸೆಸರ್ 6 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದರೆ ಡಿಎಂಎ ಚಿಪ್ಪು ಅದರ ಅರ್ಧ ವೇಗದಲ್ಲಿ ತೆವಳುತ್ತಿತ್ತು. ಕೂಲಿಯವನಿಗಿಂತ ಯಜಮಾನನೇ ಬೇಗ ಹೊರುತ್ತಾನೆ ಎಂದಮೇಲೆ ಕೂಲಿ ಯಾಕೆ? ಈ ಪದ್ಧತಿಗೆ ಪಿಐಓ ಎಂದು ಹೆಸರು, ಅಂದರೆ ಪ್ರೋಗ್ರಾಮೇ ನಡೆಸುವ ಸಾಗಣೆ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಆ ಡಿಸ್ಕುಗಳಲ್ಲಿ ಒಂದು ಸುತ್ತಿಗೆ 17 ಸೆಕ್ಟರ್, ಸೆಕ್ಟರಿಗೆ 512 ಬೈಟ್, ನಿಮಿಷಕ್ಕೆ 3600 ಸುತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 5.2 ಲಕ್ಷ ಬೈಟ್ ಬರಬೇಕು. ಬರುತ್ತಿರಲಿಲ್ಲ. ಒಂದು ಸೆಕ್ಟರನ್ನು ತೆಗೆದುಕೊಂಡು ಮೆಮೊರಿಗೆ ಸೇರಿಸುವಷ್ಟರಲ್ಲಿ ಮುಂದಿನ ಸೆಕ್ಟರ್ ತಲೆಯ ಕೆಳಗಿಂದ ದಾಟಿ ಹೋಗಿರುತ್ತಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಪಲ್ಯ ಬಡಿಸುವವನು ದಾಟಿಹೋದರೆ ಗೊತ್ತಲ್ಲ, ಇನ್ನೊಂದು ಸುತ್ತು ಬರುವವರೆಗೆ ಎಲೆ ನೋಡುತ್ತ ಕೂರಬೇಕು. ಹಾಗೆ ಸುತ್ತಿಗೊಂದೇ ಸೆಕ್ಟರ್ ಸಿಕ್ಕಿದರೆ ಸೆಕೆಂಡಿಗೆ ಹೆಚ್ಚೆಂದರೆ 30 ಸಾವಿರ ಬೈಟ್. ಅದಕ್ಕೆ ಎಂಜಿನಿಯರುಗಳು ಸೆಕ್ಟರುಗಳನ್ನು ಬಿಡಿಸಿ ಬಿಡಿಸಿ ಇಟ್ಟರು: ಒಂದನೆಯದಾದ ಮೇಲೆ ಎರಡನೆಯದು ಪಕ್ಕದಲ್ಲಿಲ್ಲ, ಆರು ಸ್ಥಾನ ಆಚೆ. ಇದೇ ಇಂಟರ್‌ಲೀವ್. ಎಕ್ಸ್‌ಟಿಯಲ್ಲಿ ಆರಕ್ಕೊಂದು, ಅಂದರೆ ಆರು ಸುತ್ತಿಗೆ ಒಂದು ಇಡೀ ಪಥ, ಸೆಕೆಂಡಿಗೆ ಸುಮಾರು 87 ಸಾವಿರ ಬೈಟ್. ಹಮಾಲ ಇಲ್ಲದ ಎಟಿಯಲ್ಲಿ ಮೂರಕ್ಕೊಂದು, ಸುಮಾರು 1.74 ಲಕ್ಷ. ಹೊರೆಯನ್ನು ಪ್ರೊಸೆಸರಿಗೇ ಹೊರಿಸಿದ ಯಂತ್ರ ದುಪ್ಪಟ್ಟು ವೇಗವಾಗಿತ್ತು.

ಪ್ರೊಸೆಸರ್ ಸಮಯ ಹಾಳಾಯಿತಲ್ಲ ಎಂದರೆ, ಯಾವ ಕೆಲಸದಿಂದ ಕಿತ್ತುಕೊಂಡ ಸಮಯ ಅದು? ಎಟಿಯಲ್ಲಿ ಓಡುತ್ತಿದ್ದದ್ದು ಡಾಸ್. ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮು, ಅದೂ ಡಿಸ್ಕಿಗಾಗಿಯೇ ಕಾಯುತ್ತಿದೆ. ಗಿರಾಕಿಯೇ ಇಲ್ಲದ ಹೊತ್ತಿನಲ್ಲಿ ಯಜಮಾನ ಮೂಟೆ ಹೊತ್ತರೆ ಯಾವ ನಷ್ಟವೂ ಇಲ್ಲ. ಓವರ್‌ಹೆಡ್ ಎಂಬುದು ಇನ್ನೊಬ್ಬ ಕಾಯುತ್ತಿದ್ದಾಗ ಮಾತ್ರ ಹುಟ್ಟುತ್ತದೆ.

ಆ ಇನ್ನೊಬ್ಬ ಬಂದದ್ದು ತೊಂಬತ್ತರ ದಶಕದಲ್ಲಿ. ಅಷ್ಟರಲ್ಲಿ ಕಂಟ್ರೋಲರ್ ಕಾರ್ಡಿನಿಂದ ಇಳಿದು ಡಿಸ್ಕಿನ ಬೆನ್ನ ಮೇಲೇ ಹೋಗಿ ಕೂತಿತ್ತು. ಅದನ್ನು ಐಡಿಇ ಎಂದೂ, 1994ರಲ್ಲಿ ಅಧಿಕೃತ ಮಾನಕವಾದ ಮೇಲೆ ಎಟಿಎ ಎಂದೂ ಕರೆದರು. ಸಾಗಣೆ ಮಾತ್ರ ಎಟಿ ಕಾಲದ ಪಿಐಓ. ಅದರ ಅತಿ ವೇಗದ ನಾಲ್ಕನೆಯ ಮೋಡಿನಲ್ಲಿ ಎರಡು ಬೈಟಿನ ಒಂದು ಪದಕ್ಕೆ 120 ನ್ಯಾನೋಸೆಕೆಂಡ್. ಸೆಕೆಂಡಿಗೆ ಒಂದು ಕೋಟಿ ಬೈಟ್ ಓದಬೇಕಾದರೆ 50 ಲಕ್ಷ ಪದ, ಗುಣಿಸಿದರೆ 0.6 ಸೆಕೆಂಡ್. ಅಂದರೆ ಪ್ರತಿ ಸೆಕೆಂಡಿನಲ್ಲಿ ಶೇ. 60 ಭಾಗ ಪ್ರೊಸೆಸರ್ ಬಾಗಿಲಲ್ಲೇ ನಿಂತಿದೆ. ಇದರ ಕ್ರೂರ ಭಾಗವೇನೆಂದರೆ, 100 ಮೆಗಾಹರ್ಟ್ಸ್ ಪ್ರೊಸೆಸರ್ ತೆಗೆದು 1000ದ್ದನ್ನು ಹಾಕಿದರೂ ಆ ಶೇ. 60 ಇಳಿಯುವುದಿಲ್ಲ. 120 ನ್ಯಾನೋಸೆಕೆಂಡ್ ಎನ್ನುವುದು ಕೇಬಲ್ಲಿನ ವೇಗ. ಹೊಸ ಪ್ರೊಸೆಸರ್ ಅದೇ ಬಾಗಿಲಲ್ಲಿ ಹತ್ತು ಪಟ್ಟು ಹೆಚ್ಚು ಆವರ್ತನಗಳನ್ನು ವ್ಯರ್ಥ ಮಾಡುತ್ತ ನಿಲ್ಲುತ್ತದೆ, ಅಷ್ಟೇ. ವಿಂಡೋಸ್ 95 ಬಂದು ಒಂದೇ ಹೊತ್ತಿಗೆ ನಾಲ್ಕು ಕೆಲಸ ನಡೆಯತೊಡಗಿದಾಗ ಇದು ಕಣ್ಣಿಗೆ ಕಾಣಿಸತೊಡಗಿತು. ಡಿಸ್ಕ್ ಕರಕರ ಎಂದರೆ ಮೌಸ್ ಜಿಗಿಯುತ್ತಿತ್ತು, ಹಾಡು ತೊದಲುತ್ತಿತ್ತು.

ಸ್ಕಸಿ ಪಂಗಡದವರು ನಕ್ಕರು. ಅವರ ಕಾರ್ಡುಗಳು ತಾವೇ ಬಸ್ಸಿನ ಹಿಡಿತ ತೆಗೆದುಕೊಂಡು ಮೆಮೊರಿಗೆ ಬರೆಯುತ್ತಿದ್ದವು. ಆದೇಶ ಪಡೆದ ಡಿಸ್ಕ್ ದಾರಿ ಬಿಟ್ಟುಕೊಟ್ಟು, ಮಾಹಿತಿ ಸಿದ್ಧವಾದಾಗ ಮತ್ತೆ ಬಂದು ಸೇರುತ್ತಿತ್ತು. ವೇಗದ ಜೊತೆ ಪ್ರೊಸೆಸರ್ ಬಳಕೆಯನ್ನೂ ಅಳೆದು ತೋರಿಸುವ ತ್ರೆಡ್‌ಮಾರ್ಕ್ ಎಂಬ ಪರೀಕ್ಷಾ ತಂತ್ರಾಂಶವನ್ನು ಹೊರತಂದದ್ದು ಅಡಾಪ್ಟೆಕ್, ಅಂದರೆ ಸ್ಕಸಿ ಕಾರ್ಡು ಮಾರುವವರೇ. ತಕ್ಕಡಿ ತಂದವನೂ ವ್ಯಾಪಾರಿಯೇ. ಹಾಗೆಂದು ತಕ್ಕಡಿ ಸುಳ್ಳಾಗಿರಲಿಲ್ಲ, ಆ ಎರಡನೆಯ ಅಂಕಿಯನ್ನು ಸಾಮಾನ್ಯರ ಮುಂದಿಟ್ಟ ಪುಣ್ಯ ಅವರಿಗೂ ಸಲ್ಲಬೇಕು. ಆದರೆ ಸ್ಕಸಿ ಎಂಬ ಹೆಸರೇ ಹೊರೆ ಇಳಿಸುತ್ತದೆ ಎನ್ನುವುದು ಮೂಢನಂಬಿಕೆ. 1986ರ ಮ್ಯಾಕಿಂತೋಷ್ ಪ್ಲಸ್‌ನಲ್ಲಿ ಸ್ಕಸಿ ಇತ್ತು, ಡಿಎಂಎ ಇರಲಿಲ್ಲ. ಪ್ರೊಸೆಸರೇ ಒಂದೊಂದು ಬೈಟನ್ನೂ ಎತ್ತಿ ಇಡುತ್ತಿತ್ತು, ಡಿಸ್ಕಿಗೆ ಮೂರಕ್ಕೊಂದು ಇಂಟರ್‌ಲೀವ್ ಬೇಕಾಗುತ್ತಿತ್ತು. ತಂತಿಯ ಮೇಲಿನ ಭಾಷೆ ಯಾವುದು ಎಂಬುದು ಒಂದು ಪ್ರಶ್ನೆ, ಮೂಟೆ ಹೊರುವವರು ಯಾರು ಎಂಬುದು ಇನ್ನೊಂದು.

ಐಡಿಇಗೂ ಹಮಾಲ ಸಿಕ್ಕಿದ. 1995ರ ಸುಮಾರಿಗೆ ಇಂಟೆಲ್ ತನ್ನ ಚಿಪ್‌ಸೆಟ್ಟಿನಲ್ಲೇ ಡಿಎಂಎ ಘಟಕ ಸೇರಿಸಿತು, ಅದರ ಬೆನ್ನಿಗೆ ಸೆಕೆಂಡಿಗೆ 33 ಮೆಗಾಬೈಟಿನ ಅಲ್ಟ್ರಾ ಡಿಎಂಎ ಬಂತು. ಯಂತ್ರದಲ್ಲಿ ಸೌಲಭ್ಯವಿದೆ, ಆದರೆ ವಿಂಡೋಸಿನ ಡಿವೈಸ್ ಮ್ಯಾನೇಜರ್ ಹೊಕ್ಕು ಡಿಎಂಎ ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಲಿನಕ್ಸ್‌ನಲ್ಲಾದರೆ ಮಾರ್ಕ್ ಲಾರ್ಡ್ ಬರೆದ ಎಚ್‌ಡಿಪಾರ್ಮ್ ಎಂಬ ಪುಟ್ಟ ಆಯುಧ. ಎಷ್ಟು ಸಾವಿರ ಕಂಪ್ಯೂಟರುಗಳು ಆ ಒಂದು ಟಿಕ್ ಇಲ್ಲದೆ ಜೀವಮಾನ ಪೂರ್ತಿ ಕುಂಟಿದವೋ!

ನಾನು ಎಂ.ಟೆಕ್ ಮಾಡುವಾಗ ಹಾಸ್ಟೆಲ್ಲಿನ ಗೆಳೆಯನೊಬ್ಬ ತನ್ನ ಪ್ರಬಂಧವನ್ನು ಸಿಡಿಗೆ ಬರೆಸಲು ನನ್ನ ಕೋಣೆಗೆ ಬಂದಿದ್ದ. ಒಂದು ಸಿಡಿ ಹಾಳು, ಎರಡು ಹಾಳು, ಮೂರನೆಯದೂ 'ಬಫರ್ ಅಂಡರ್‌ರನ್'. ಬೆಳಗಾದರೆ ಸಲ್ಲಿಸಬೇಕು. ರೈಟರ್ ಕೆಟ್ಟಿದೆ ಎಂದು ಬೈದುಕೊಂಡೆವು. ಕಾರಣ ಬೇರೆಯೇ ಇತ್ತು. ಕೇಬಿನೆಟ್ಟಿನೊಳಗೆ ಪಟ್ಟಿ ಕೇಬಲ್ಲು ಮಡಿಕೆ ಬಿದ್ದು ಆಗಾಗ ತಪ್ಪು ಓದಿಸುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಅಂಥ ತಪ್ಪುಗಳನ್ನು ಎಣಿಸಿಡುತ್ತದೆ. ಒಟ್ಟು ಆರಾದಾಗಲೆಲ್ಲ ಡಿಸ್ಕಿನ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ಕೊನೆಗೆ ಪಿಐಓಗೆ ತಂದು ನಿಲ್ಲಿಸುತ್ತದೆ. ಯಾರಿಗೂ ಹೇಳುವುದಿಲ್ಲ. ಡಿಸ್ಕು ಸರಿಯಾಗಿದೆ, ರೈಟರು ಸರಿಯಾಗಿದೆ, ಪ್ರೊಸೆಸರ್ ಮಾತ್ರ ಮೂಟೆ ಹೊತ್ತು ಹೊತ್ತು ರೈಟರಿಗೆ ಸಮಯಕ್ಕೆ ಉಣಿಸಲಾರದೆ ಹೋಗಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ಆ ಐಡಿಇ ಚಾನೆಲ್ಲನ್ನೇ ಅಳಿಸಿ ರೀಬೂಟ್ ಮಾಡಿದರೆ ಸರಿಹೋಗುತ್ತದೆ ಎಂದು ಸೀನಿಯರ್ ಒಬ್ಬರು ಬಂದು ತೋರಿಸಿದಾಗ ರಾತ್ರಿ ಎರಡು ಗಂಟೆ. ಎಸ್.ಪಿ. ರೋಡಿನಿಂದ ಹೊಸ ಕೇಬಲ್ ತಂದದ್ದು ಮುಂದಿನ ವಾರ.

ಆ ರಾತ್ರಿ ಕಲಿತ ಪಾಠ ಹತ್ತು ವರ್ಷದ ಮೇಲೆ ನೆನಪಾಗಬೇಕಿತ್ತು. ಆಗಲಿಲ್ಲ. ಅದನ್ನು ಹೇಳುವ ಮೊದಲು ರೇಡ್ ಕಾರ್ಡಿನ ವಿಷಯ ಸ್ವಲ್ಪ.

1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಮೂವರು ಅಗ್ಗದ ಹಲವು ಡಿಸ್ಕುಗಳನ್ನು ಸೇರಿಸಿ ಒಂದು ದುಬಾರಿ ಡಿಸ್ಕಿಗೆ ಸರಿಗಟ್ಟುವ ದಾರಿಯನ್ನು ವಿವರಿಸಿದರು. ಒಂದು ಡಿಸ್ಕ್ ಸತ್ತರೂ ಮಾಹಿತಿ ಉಳಿಯಬೇಕಾದರೆ ಪ್ಯಾರಿಟಿ ಲೆಕ್ಕ ಹಾಕಿ ಇಡಬೇಕು. ಐದನೆಯ ಬಗೆಯ ರೇಡಿನಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯ ಮಾಹಿತಿ, ಹಳೆಯ ಪ್ಯಾರಿಟಿ ಓದು, ಹೊಸ ಮಾಹಿತಿ, ಹೊಸ ಪ್ಯಾರಿಟಿ ಬರೆ ಎಂದು ನಾಲ್ಕು ಕೆಲಸ. ಈ ಲೆಕ್ಕ ಪ್ರೊಸೆಸರಿಗೆ ಭಾರ ಎಂದು ಕಾರ್ಡುಗಳ ಮೇಲೆ ಇಂಟೆಲ್ ಐ960ಯಂಥ ಪ್ರೊಸೆಸರನ್ನೇ ಕೂರಿಸಿದರು; ಮತ್ತದೇ ಪುನರ್ಜನ್ಮದ ಚಕ್ರ. ಕೆಲವೇ ವರ್ಷಗಳಲ್ಲಿ ಮುಖ್ಯ ಪ್ರೊಸೆಸರು ಆ ಸಣ್ಣ ಪ್ರೊಸೆಸರಿಗಿಂತ ಎಷ್ಟೋ ಪಟ್ಟು ವೇಗವಾಗಿ ಪ್ಯಾರಿಟಿ ಲೆಕ್ಕ ಹಾಕತೊಡಗಿತು. ಲಿನಕ್ಸ್ ಬೂಟ್ ಆಗುವಾಗ ಯಾವ ವಿಧಾನದಲ್ಲಿ ಎಷ್ಟು ಬೇಗ ಆಗುತ್ತದೆ ಎಂದು ತಾನೇ ಅಳೆದು ಪರದೆಯ ಮೇಲೆ ಬರೆಯುವುದನ್ನು ನೀವು ನೋಡಿರಬಹುದು. ಲೆಕ್ಕದ ಮಟ್ಟಿಗೆ ಕಾರ್ಡು ಸೋತಿತ್ತು. ಆದರೂ ಕಂಪನಿಗಳು ಕಾರ್ಡು ಕೊಳ್ಳುತ್ತಿದ್ದವು, ಏಕೆಂದರೆ ಅದರ ಮೇಲೆ ಬ್ಯಾಟರಿ ಇರುವ ಮೆಮೊರಿ ಇತ್ತು. ಬರೆಯಬೇಕಾದದ್ದು ಆ ಮೆಮೊರಿಗೆ ಬಿದ್ದರೆ ಸಾಕು, ಬರೆದಾಯಿತು ಎಂದು ಕಾರ್ಡು ಹೇಳಿಬಿಡುತ್ತದೆ. ಕರೆಂಟು ಹೋದರೂ ಬ್ಯಾಟರಿ ಕಾಪಾಡುತ್ತದೆ. ಡಬ್ಬಿಯ ಮೇಲೆ ಪ್ರೊಸೆಸರಿನ ಹೆಸರು ದೊಡ್ಡದಾಗಿರುತ್ತಿತ್ತು. ನಿಜವಾದ ಬೆಲೆ ಇದ್ದದ್ದು ಬ್ಯಾಟರಿಗೆ.

ಪುಣೆಯಲ್ಲಿ ನಾನು ಆಗಷ್ಟೇ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ತಿಂಗಳ ಕೊನೆಯ ಬಿಲ್ಲಿಂಗ್ ಬ್ಯಾಚು ಮಾಮೂಲಿಯಾಗಿ ಬೆಳಗಿನ ಜಾವ ಮೂರಕ್ಕೆ ಮುಗಿಯಬೇಕು. ಆ ತಿಂಗಳು ಒಂಬತ್ತಾದರೂ ಮುಗಿದಿರಲಿಲ್ಲ. ಕ್ಲೈಂಟ್ ಕಾಲ್‌ನಲ್ಲಿದ್ದರು. ನಾನು ಟಾಪ್ ಓಡಿಸಿ ನೋಡಿದೆ: ಐಓವೇಟ್ 70ರ ಆಚೀಚೆ. 'ಸಿಪಿಯು ಎಪ್ಪತ್ತು ಪರ್ಸೆಂಟ್ ತಿನ್ನುತ್ತಿದೆ, ಮೊನ್ನೆ ಬದಲಾಯಿಸಿದ ಕೋಡೇ ಕಾರಣ' ಎಂದುಬಿಟ್ಟೆ. ಆ ಕೋಡು ಬರೆದವನು ವಿಜಯಪುರದ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಎರಡು ರಾತ್ರಿ ಕೂತು ತನ್ನ ಕ್ವೆರಿಗಳನ್ನೆಲ್ಲ ತಿರುಗಿ ಬರೆದ. ಏನೂ ಬದಲಾಗಲಿಲ್ಲ. ಮೂರನೆಯ ದಿನ ಸರ್ವರ್ ನೋಡಿಕೊಳ್ಳುವವರು ಕಂಟ್ರೋಲರಿನ ಲಾಗ್ ತೆರೆದರು. ಬ್ಯಾಟರಿ ಸತ್ತಿತ್ತು. ಬ್ಯಾಟರಿ ಸತ್ತರೆ ಕಾರ್ಡು ತನ್ನ ಮೆಮೊರಿಯನ್ನು ನಂಬುವುದಿಲ್ಲ, ಪ್ರತಿ ಬರಹವೂ ಡಿಸ್ಕಿನ ತಟ್ಟೆ ಮುಟ್ಟುವವರೆಗೆ ಕಾಯಿಸುತ್ತದೆ. ಅದು ಮಾಡಿದ್ದು ಸರಿಯೇ.

ಐಓವೇಟ್ ಎಂದರೆ ಪ್ರೊಸೆಸರ್ ದುಡಿಯುತ್ತಿರುವ ಸಮಯವಲ್ಲ. ಅದು ಖಾಲಿ ಕೂತಿರುವ ಸಮಯವೇ. ಡಿಸ್ಕಿನಿಂದ ಬರಬೇಕಾದದ್ದು ಇನ್ನೂ ಬಾಕಿ ಇದೆ ಎಂದಷ್ಟೇ ಅದರ ಅರ್ಥ. ಎಂ.ಟೆಕ್ ಓದಿದ ನಾನು ಕೈಕಟ್ಟಿ ಕೂತಿದ್ದ ಯಜಮಾನನನ್ನು ನೋಡಿ ಬೆವರು ಸುರಿಸುತ್ತಿದ್ದಾನೆ ಎಂದಿದ್ದೆ. ಹುಡುಗನ ಹತ್ತಿರ ತಪ್ಪಾಯಿತು ಎಂದು ಹೇಳಿದೆ. ಆದರೆ ಆ ಕಾಲ್‌ನ ಟಿಪ್ಪಣಿಯಲ್ಲಿ ಅವನ ಹೆಸರು ಹಾಗೇ ಉಳಿಯಿತು. ಕ್ಲೈಂಟಿಗೆ ತಿದ್ದುಪಡಿ ಬರೆಯುವ ಧೈರ್ಯವನ್ನು ನಾನು ಮಾಡಲಿಲ್ಲ.

ಈಗ ತಿರುಗುವ ತಟ್ಟೆಗಳ ಕಾಲವೇ ಮುಗಿಯುತ್ತ ಬಂದಿದೆ. ಸಾಟಾ ಡಿಸ್ಕುಗಳ ಎಎಚ್‌ಸಿಐ ಕಂಟ್ರೋಲರಿನಲ್ಲಿ ಒಂದು ಡಿಸ್ಕಿಗೆ ಒಂದೇ ಸಾಲು, ಅದರಲ್ಲಿ 32 ಆದೇಶ. 2011ರಲ್ಲಿ ಬಂದ ಎನ್‌ವಿಎಂಇ ಮಾನಕದಲ್ಲಿ ಸುಮಾರು 64 ಸಾವಿರ ಸಾಲುಗಳಿಗೆ ಅವಕಾಶವಿದೆ, ಪ್ರತಿ ಕೋರಿಗೂ ತನ್ನದೇ ಸಾಲು, ಬೀಗಕ್ಕಾಗಿ ನೂಕುನುಗ್ಗಲಿಲ್ಲ. ಹಳೆಯ ಡಿಸ್ಕು ಉತ್ತರ ಕೊಡಲು ಹತ್ತು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದ್ದಾಗ, ಕೆಲಸ ಮುಗಿದಾಗ ಕರೆ ಎಂದು ಹೇಳಿ ಪ್ರೊಸೆಸರ್ ಬೇರೆಡೆ ಹೋಗುವುದರಲ್ಲಿ ಅರ್ಥವಿತ್ತು. ಆ ಕರೆಯೇ ಇಂಟರಪ್ಟ್. ಅದನ್ನು ಕೇಳಿಸಿಕೊಂಡು, ಮಾಡುತ್ತಿದ್ದ ಕೆಲಸ ಬಿಟ್ಟು ಬರಲು ಕೆಲವು ಮೈಕ್ರೋಸೆಕೆಂಡ್ ಬೇಕು. ಡಿಸ್ಕೇ ಹತ್ತು ಮೈಕ್ರೋಸೆಕೆಂಡಿನಲ್ಲಿ ಉತ್ತರಿಸಿದರೆ? ಕರೆಯುವಷ್ಟರಲ್ಲಿ ಇಳಿಸಿ ಮುಗಿದಿರುತ್ತದೆ. 2012ರಲ್ಲಿ ಇಂಟೆಲ್‌ನ ಮೂವರು, ಯಾಂಗ್, ಮಿಂಟರ್ನ್, ಹೇಡಿ, ಇದನ್ನೇ ಅಳೆದು ಬರೆದರು: ಸಾಧನ ಅಷ್ಟು ವೇಗವಾದರೆ ಇಂಟರಪ್ಟಿಗೆ ಕಾಯುವುದಕ್ಕಿಂತ ಪ್ರೊಸೆಸರ್ ಅಲ್ಲೇ ನಿಂತು ಆಯಿತಾ, ಆಯಿತಾ ಎಂದು ನೋಡುತ್ತಿರುವುದೇ ವಾಸಿ. ಎಸ್‌ಪಿಡಿಕೆ ಎಂಬ ತಂತ್ರಾಂಶ ಇದನ್ನು ಕೊನೆಯವರೆಗೂ ಒಯ್ಯಿತು; ಡಿಸ್ಕಿಗೆಂದೇ ಕೆಲವು ಕೋರುಗಳನ್ನು ಮೀಸಲಿಟ್ಟು, ಇಂಟರಪ್ಟನ್ನೇ ಕೈಬಿಟ್ಟಿತು. ಇನ್ನೊಂದು ದಿಕ್ಕಿನಲ್ಲಿ ಅಮೆಜಾನಿನ ನೈಟ್ರೋ ಕಾರ್ಡುಗಳು, 2017ರಲ್ಲಿ ಪ್ರಕಟವಾದವು, ಕ್ಲೌಡಿನ ಡಿಸ್ಕ್ ಕೆಲಸವನ್ನೆಲ್ಲ ಮುಖ್ಯ ಪ್ರೊಸೆಸರಿನಿಂದ ಕಿತ್ತು ತಮ್ಮ ಮೇಲೆ ಹಾಕಿಕೊಂಡಿವೆ. 709ರ ಚಾನೆಲ್ ಹೊಸ ಅಂಗಿ ತೊಟ್ಟು ಬಂದಿದೆ. ಎರಡೂ ಏಕಕಾಲಕ್ಕೆ ಸರಿಯಾಗಿರುವುದು ನನಗೆ ಈಗ ಆಶ್ಚರ್ಯ ಹುಟ್ಟಿಸುವುದಿಲ್ಲ.

ವಿಜಯಪುರದ ಆ ಹುಡುಗ ಈಗ ಹೈದರಾಬಾದಿನಲ್ಲಿ ಸ್ಟೋರೇಜ್ ತಂಡವೊಂದನ್ನು ನಡೆಸುತ್ತಾನೆ. ಕಳೆದ ದೀಪಾವಳಿಗೆ ಶುಭಾಶಯದ ಜೊತೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದ. ಎಸ್‌ಪಿಡಿಕೆ ಓಡುತ್ತಿರುವ ಸರ್ವರು, ನಾಲ್ಕು ಕೋರುಗಳು ಶೇ. 100. ಆ ಹೊತ್ತಿಗೆ ಡಿಸ್ಕಿನ ಮೇಲೆ ಒಂದು ಬೈಟಿನ ಓದು ಬರಹವೂ ಇರಲಿಲ್ಲ. ಕೆಳಗೆ ಬರೆದಿದ್ದ: "ಸರ್, ಈ ಸಲನೂ ನನ್ನ ಕೋಡಿಂದೇ ತಪ್ಪು ಅಂತೀರೇನ್ರಿ?"